ಗಡಿಮನೆಯ ಫೋನು ಯಾವ ಕಂಪನಿಯದು?

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ನಡೆಯುವ ಖರೀದಿಯ ಯಾದಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ವಸ್ತು ಸೇರಿಕೊಂಡಿದೆ. ದಫ್ತರ, ವಹಿ, ಸಮವಸ್ತ್ರಗಳ ಜೊತೆಗೆ ಸ್ಮಾರ್ಟ್‌ಫೋನು. ಅಂಗಡಿಗೆ ಹೋದ ಪಾಲಕರು ಬೆಲೆ ಕೇಳುತ್ತಾರೆ, ಬ್ಯಾಟರಿ ಎಷ್ಟು ತಾಸು ಬಾಳುತ್ತದೆಂದು ಕೇಳುತ್ತಾರೆ. ಜೊತೆಗೆ ಬಂದ ಮಗ ಕ್ಯಾಮೆರಾ ನೋಡುತ್ತಾನೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಗಳವರು ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಈ ಫೋನಿಗೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುತ್ತದೆಯೇ?

ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವವರಿಗೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ. ಅಲ್ಲಿ ಎಲ್ಲ ಕಂಪನಿಗಳ ಸಿಗ್ನಲ್ಲೂ ಬೀದಿ ಬೀದಿಗೆ ದೊರೆಯುತ್ತದೆ, ಬಳಗವೂ ಒಂದೇ ಊರಿನಲ್ಲಿರುತ್ತದೆ. ನಮ್ಮದು ಹಾಗಲ್ಲ. ಮನೆಯಲ್ಲಿ ಹಿಡಿಯುವ ಸಿಗ್ನಲ್ ಹೊಲದಲ್ಲಿ ಹಿಡಿಯದು. ಈ ಊರಲ್ಲಿ ಚೆನ್ನಾಗಿರುವ ಕಂಪನಿ ಮೂರು ಹರದಾರಿ ಆಚೆಗೆ ಮೂಕವಾಗುತ್ತದೆ. ಮಗಳನ್ನು ಭಾಲ್ಕಿಗೆ ಕೊಟ್ಟಿರುತ್ತೇವೆ, ಸೊಸೆಯನ್ನು ಬಸವಕಲ್ಯಾಣದಿಂದ ತಂದಿರುತ್ತೇವೆ, ಮಗ ಹೈದರಾಬಾದಿನಲ್ಲಿ ದುಡಿಯುತ್ತಿರುತ್ತಾನೆ. ಒಂದೇ ಕಂಪನಿಗೆ ಕಟ್ಟಿಹಾಕಿದ ಫೋನು ಇಂಥ ಮನೆಗೆ ಒಂದೇ ಬಾಗಿಲಿರುವ ಕಣಜದಂತೆ. ಬಾಗಿಲು ಸಿಲುಕಿಕೊಂಡ ದಿನ ಒಳಗಿನ ಕಾಳು ಒಳಗೇ ಉಳಿಯುತ್ತದೆ.

ಈ ಮಾತಿನ ಬೇರು ಫೋನಿಗಿಂತ ಹಳೆಯದು. ಹೈದರಾಬಾದ್ ರಾಜ್ಯವಿದ್ದ ಕಾಲದಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಈ ಮೂರೂ ಮರಾಠವಾಡಾದೊಡನೆ ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯವನ್ನು ಸೇರಿದವು. ಅಂದು ಎಳೆದದ್ದು ಕಂದಾಯದ, ಕೋರ್ಟಿನ, ಶಾಲೆಯ ಗೆರೆ. ಸುಮಾರು ನಾಲ್ಕು ದಶಕಗಳ ಮೇಲೆ ಮೊಬೈಲ್ ಸೇವೆಗಾಗಿ ದೇಶವನ್ನು ಸರ್ಕಲ್‌ಗಳಾಗಿ ಹಂಚುವಾಗ ಸರಕಾರ ಹೊಸ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ. ಬಹುಮಟ್ಟಿಗೆ ರಾಜ್ಯದ ಗಡಿಗಳನ್ನೇ ಎತ್ತಿಕೊಂಡಿತು. ಇತ್ತ ಮಹಾರಾಷ್ಟ್ರ ಮತ್ತು ಗೋವಾ ಸರ್ಕಲ್, ಅತ್ತ ಕರ್ನಾಟಕ ಸರ್ಕಲ್. ಜನರ ಬಾಯಲ್ಲಿ ಮಾಸತೊಡಗಿದ್ದ ಗೆರೆ ಗಾಳಿಯಲ್ಲಿ ಮತ್ತೆ ಮೂಡಿತು.

ಅದರ ಪರಿಣಾಮವನ್ನು ಐವತ್ತು ದಾಟಿದವರೆಲ್ಲ ಬಲ್ಲರು. ಬೇರೆ ಸರ್ಕಲ್ಲಿನ ಮೊಬೈಲಿಗೆ ಕರೆ ಮಾಡಬೇಕಾದರೆ ನಂಬರಿನ ಹಿಂದೆ ಒಂದು ಸೊನ್ನೆ ಹಚ್ಚಬೇಕಾಗಿತ್ತು. ಉಮರ್ಗಾದಿಂದ ನೂರಾರು ಮೈಲಿ ದೂರದ ನಾಗಪುರಕ್ಕೆ ಸೊನ್ನೆ ಬೇಡ, ಸಮುದ್ರದ ದಂಡೆಯ ಪಣಜಿಗೂ ಬೇಡ. ಅವು ನಮ್ಮದೇ ಸರ್ಕಲ್. ತಾಸಿನೊಳಗೆ ಮುಟ್ಟಬಹುದಾದ ಬಸವಕಲ್ಯಾಣಕ್ಕೆ ಮಾತ್ರ ಸೊನ್ನೆ ಬೇಕು, ಎಸ್‌ಟಿಡಿ ದರವೂ ಬೇಕು. ತವರುಮನೆಯ ನಂಬರನ್ನು ಗೋಡೆಯ ಮೇಲೆ ಬರೆಯುವಾಗ ಹೆಣ್ಣುಮಕ್ಕಳು ಆ ಸೊನ್ನೆಯನ್ನು ಸೇರಿಸಿಯೇ ಬರೆಯುತ್ತಿದ್ದರು. ಬಿಎಸ್‌ಎನ್‌ಎಲ್ 2006ರ ಮಾರ್ಚ್ 1ರಂದು 'ಒನ್ ಇಂಡಿಯಾ' ಯೋಜನೆಯಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದು ಘೋಷಿಸಿದಾಗ ಪಟ್ಟಣದ ವ್ಯಾಪಾರಿಗಳು ಸಂತೋಷಪಟ್ಟರೆಂದು ಪತ್ರಿಕೆಗಳು ಬರೆದವು. ಅವರಿಗಿಂತ ಹೆಚ್ಚು ಸಂತೋಷ ಗಡಿಯ ಅಡುಗೆಮನೆಗಳಲ್ಲಿ ಆಗಿರಬೇಕು.

ರೋಮಿಂಗ್ ಇದಕ್ಕಿಂತ ದೊಡ್ಡ ಕಾಟವಾಗಿತ್ತು. ಸರ್ಕಲ್ ದಾಟಿದರೆ ಬಂದ ಕರೆಗೂ ಹಣ ತೆರಬೇಕು. ಉದಗೀರದಿಂದ ಬೀದರ ಕಡೆಯ ರೈಲು ಹತ್ತಿದವನಿಗೆ ಕಮಲನಗರ ಬರುವ ಹೊತ್ತಿಗೆ ಕಿಸೆಯಲ್ಲಿ ಫೋನು ಗುನುಗುತ್ತಿತ್ತು: ಕರ್ನಾಟಕಕ್ಕೆ ಸ್ವಾಗತ. ಸ್ವಾಗತವೆಂದರೆ ಇನ್ನು ಮೇಲೆ ಯಾರ ಕರೆಯನ್ನೂ ಎತ್ತಬೇಡ ಎಂದರ್ಥ. ದಾಟಿದವನ ಮಾತಾಯಿತು; ದಾಟದವನಿಗೂ ಬಿಡುಗಡೆಯಿರಲಿಲ್ಲ. ಗೋಪುರದ ಅಲೆಗೆ ರಾಜ್ಯದ ಗಡಿ ತಿಳಿಯದು. ಸೀಮೆಯಂಚಿನ ಹಳ್ಳಿಗಳಲ್ಲಿ ಇತ್ತಣ ಸಿಗ್ನಲ್ ಕ್ಷೀಣವಾದಾಗ ಫೋನು ತಾನಾಗಿಯೇ ಅತ್ತಣ ಗೋಪುರವನ್ನು ಹಿಡಿಯುತ್ತಿತ್ತು. ಸ್ವಂತ ಕಟ್ಟೆಯ ಮೇಲೆ ಕುಳಿತವನು ಪರರಾಜ್ಯದ ಪ್ರವಾಸಿಯಾಗಿಬಿಡುತ್ತಿದ್ದ. ತಿಳಿದವರು ಫೋನಿನ ಸೆಟ್ಟಿಂಗ್‌ಗೆ ಹೋಗಿ ನೆಟ್‌ವರ್ಕ್ ಆಯ್ಕೆಯನ್ನು ಕೈಯಿಂದಲೇ ಕಟ್ಟಿಹಾಕುತ್ತಿದ್ದರು. ತಿಳಿಯದವರ ಬ್ಯಾಲೆನ್ಸ್ ಕರಗುತ್ತಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ರೋಮಿಂಗ್ ಶುಲ್ಕವಿಲ್ಲದೆ ಸೇವೆಗಿಳಿಯಿತು. ಏರ್‌ಟೆಲ್ 2017ರ ಏಪ್ರಿಲ್ 1ರಿಂದ ದೇಶದೊಳಗಿನ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿತು, ಉಳಿದವರೂ ಆ ದಾರಿ ಹಿಡಿದರು. ಇಂದಿನ ಮಕ್ಕಳಿಗೆ ಈ ಕಥೆ ಹೇಳಿದರೆ ನಂಬುವುದಿಲ್ಲ.

ಇಷ್ಟೂ ಸಂಪರ್ಕದ ಮಾತು. ಫೋನನ್ನೇ ಕಂಪನಿಗೆ ಕಟ್ಟಿಹಾಕುವ ಪದ್ಧತಿ ಬೇರೆ, ಅದರ ಚರಿತ್ರೆಯೂ ಬೇರೆ.

ಅಮೆರಿಕದಲ್ಲಿ ಇದು ಬಹುಕಾಲದ ರೂಢಿ. 2007ರ ಜೂನ್ 29ರಂದು ಮಾರಾಟಕ್ಕೆ ಬಂದ ಮೊದಲ ಐಫೋನು ಅಲ್ಲಿ ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಬಳಕೆದಾರರಿಗೆ ಮೀಸಲಾಗಿತ್ತು. ವೆರೈಜನ್ ಬಳಕೆದಾರರು 2011ರ ಫೆಬ್ರುವರಿಯವರೆಗೆ ಕಾಯಬೇಕಾಯಿತು, ಟಿ-ಮೊಬೈಲ್‌ನವರು 2013ರವರೆಗೆ. ಕಂಪನಿಯೇ ಫೋನಿನ ಬೆಲೆಯ ಬಹುಭಾಗವನ್ನು ಭರಿಸಿ, ಎರಡು ವರ್ಷದ ಕರಾರಿನಲ್ಲಿ ಆ ಹಣವನ್ನು ತಿಂಗಳ ಬಿಲ್ಲಿನ ಮೂಲಕ ವಸೂಲು ಮಾಡುವ ಲೆಕ್ಕಾಚಾರ ಅದರ ಹಿಂದಿತ್ತು. ಭಾರತದಲ್ಲಿ ಹೆಚ್ಚಿನವರು ಫೋನನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಿದ್ದರು, ಸಿಮ್ಮನ್ನು ಬೇರೆ ಕೊಳ್ಳುತ್ತಿದ್ದರು. ಆದ್ದರಿಂದ ಬೀಗದ ರೂಢಿ ಇಲ್ಲಿ ಬೇರೂರಲಿಲ್ಲ. ಆದರೂ 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಇಲ್ಲಿಗೆ ಬಂದ ಐಫೋನಿಗೆ 31,000 ರೂಪಾಯಿ ಕೊಟ್ಟ ಮೇಲೂ ಗ್ರಾಹಕ ಆ ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು. 2011ರಲ್ಲಿ ಏರ್‌ಸೆಲ್ ಕೂಡ ಐಫೋನು ಮಾರತೊಡಗಿತು. ಅದೇನೂ ನಮ್ಮ ಮನೆಗಳ ಚಿಂತೆಯಾಗಿರಲಿಲ್ಲವೆನ್ನಿ.

ನಮ್ಮ ಮನೆಗಳಿಗೆ ಬೀಗದ ಫೋನು ಬಂದದ್ದು ಬಡವರ ಫೋನಿನ ರೂಪದಲ್ಲಿ. 2003ರ ಮಳೆಗಾಲದಲ್ಲಿ ರಿಲಯನ್ಸ್ 'ಮಾನ್ಸೂನ್ ಹಂಗಾಮಾ' ಎಂದು ಸಾರಿ, ಕೈಗೆ 501 ರೂಪಾಯಿ ಕೊಟ್ಟರೆ ಫೋನು ಸಹಿತ ಸಂಪರ್ಕ ಎಂದಿತು. ಸಿಡಿಎಂಎ ಎಂಬ ತಂತ್ರದ ಆ ಫೋನುಗಳಿಗೆ ಸಿಮ್ ಕಾರ್ಡೇ ಇರಲಿಲ್ಲ. ನಂಬರು ಯಂತ್ರದೊಳಗೇ ಬರೆಯಲ್ಪಟ್ಟಿರುತ್ತಿತ್ತು. ಮೊಬೈಲು ಶ್ರೀಮಂತರ ಸೊತ್ತಲ್ಲ ಎಂದು ತೋರಿಸಿದ ಹಿರಿಮೆ ಆ ಯೋಜನೆಗೆ ಸಲ್ಲಬೇಕು. ಆದರೆ ಆ ಊರಲ್ಲಿ ಆ ಕಂಪನಿಯ ಗೋಪುರ ದುರ್ಬಲವಾಗಿದ್ದರೆ ಗ್ರಾಹಕನಿಗೆ ಬೇರೆ ಗತಿಯಿರಲಿಲ್ಲ, ಸೇವೆ ನಿಂತ ದಿನ ಯಂತ್ರವೂ ನಿರುಪಯೋಗಿ. ಮುಂದೆ 2017ರ ಜುಲೈಯಲ್ಲಿ ಘೋಷಣೆಯಾದ ಜಿಯೋಫೋನು ಅದೇ ಆಲೋಚನೆಯ ಮರುಹುಟ್ಟು. 1,500 ರೂಪಾಯಿ ಠೇವಣಿ, ಮೂರು ವರ್ಷಕ್ಕೆ ವಾಪಸು. ಒಳಗೆ ನಡೆಯುವುದು ಜಿಯೋ ಸಿಮ್ ಮಾತ್ರ. 2023ರ ಜುಲೈಯಲ್ಲಿ 999 ರೂಪಾಯಿಗೆ ಬಂದ ಜಿಯೋ ಭಾರತ ಫೋನಿಗೂ ಅದೇ ಬೀಗ. ಇದರಲ್ಲಿ ಮೋಸವೇನಿಲ್ಲ, ಕಂಪನಿ ಹೇಳಿಯೇ ಮಾರುತ್ತದೆ. ಊರಿನಲ್ಲಿ ಆ ಸಿಗ್ನಲ್ ಗಟ್ಟಿಯಾಗಿದ್ದು, ಅಜ್ಜಿಗೆ ಮಾತಾಡಲು ಒಂದು ಫೋನು ಬೇಕಿದ್ದರೆ ಕೊಳ್ಳಲು ಅಡ್ಡಿಯೂ ಇಲ್ಲ. ಮನೆಗೆ ಇರುವುದು ಅದೊಂದೇ ಫೋನಾಗಿ, ಅದರ ಮೇಲೆ ಮಗುವಿನ ಓದೂ ನಿಂತಿದ್ದರೆ ಮಾತ್ರ ಎರಡು ಸಲ ಯೋಚಿಸಬೇಕು.

ಓದಿನ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು, ಏಕೆಂದರೆ ಗಡಿಯ ಕನ್ನಡ ಶಾಲೆಯ ಮಗುವಿನ ಸ್ಥಿತಿ ಇತ್ತ ಮರಾಠಿ ಮಗುವಿನದೂ ಅಲ್ಲ, ಅತ್ತ ಕರ್ನಾಟಕದ ಮಗುವಿನದೂ ಅಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಜುಲೈ ಹೊತ್ತಿಗೆ ಮಹಾರಾಷ್ಟ್ರದಲ್ಲಿ ದೂರದರ್ಶನದ ಸಹ್ಯಾದ್ರಿ ವಾಹಿನಿ 'ಟಿಲಿಮಿಲಿ' ಪಾಠಗಳನ್ನು ಆರಂಭಿಸಿತು. ಪಠ್ಯಕ್ರಮ ನಮ್ಮದೇ, ಭಾಷೆ ಮರಾಠಿ. ಅದೇ ಸುಮಾರಿಗೆ ಕರ್ನಾಟಕದ ಚಂದನ ವಾಹಿನಿಯಲ್ಲಿ ಪಾಠಗಳು ಬರತೊಡಗಿದವು. ಭಾಷೆ ನಮ್ಮದೇ, ಪಠ್ಯಕ್ರಮ ಬೇರೆಯದು. ನಮ್ಮ ಮಕ್ಕಳ ಕೈಯಲ್ಲಿರುವುದು ಪುಣೆಯ ಬಾಲಭಾರತಿ ಮುದ್ರಿಸುವ ಕನ್ನಡ ಪುಸ್ತಕ. 1967ರಲ್ಲಿ ಸ್ಥಾಪನೆಯಾದ ಈ ಪಠ್ಯಪುಸ್ತಕ ಮಂಡಳ ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿಗಳೊಂದಿಗೆ ಕನ್ನಡದಲ್ಲಿಯೂ ಪುಸ್ತಕಗಳನ್ನು ತರುತ್ತದೆ. ಆ ಪುಸ್ತಕವನ್ನೇ ಹಿಡಿದು ಕನ್ನಡದಲ್ಲಿ ಪಾಠ ಹೇಳಬಲ್ಲವರು ಯಾವ ವಾಹಿನಿಯಲ್ಲೂ ಇರಲಿಲ್ಲ. ಇದ್ದವರು ನಮ್ಮದೇ ಶಾಲೆಯ ಗುರುಗಳು. ಅವರು ಮಗುವಿನ ಮನೆ ಮುಟ್ಟಬೇಕಾದರೆ ಇದ್ದ ದಾರಿ ಫೋನು ಒಂದೇ.

ಆ ವರ್ಷ 'ಅಸರ್' ಸಮೀಕ್ಷೆ ದೇಶದ ಗ್ರಾಮೀಣ ಭಾಗದ ಲೆಕ್ಕ ಕೊಟ್ಟಿತು: ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನು ಇದ್ದವು 2018ರಲ್ಲಿ ಶೇಕಡಾ 36.5, 2020ರಲ್ಲಿ 61.8. ಎರಡೇ ವರ್ಷಗಳಲ್ಲಿ ಇಷ್ಟು ಏರಿಕೆ. ಕೆಲವರು ಆಡು ಮಾರಿ ಕೊಂಡರು, ಕೆಲವರು ಸಾಲ ಮಾಡಿ ಕೊಂಡರು. ಆದರೆ ಫೋನು ಇದ್ದ ಮಾತ್ರಕ್ಕೆ ಪಾಠ ಬರುವುದಿಲ್ಲ. ಬಾಲಭಾರತಿಯ ಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು, ಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಚೌಕವನ್ನು ದೀಕ್ಷಾ ಆ್ಯಪ್‌ಗೆ ತೋರಿಸಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಇದಕ್ಕೆಲ್ಲ ಬೇಕಾದದ್ದು ಆ ಮನೆಯಲ್ಲಿ, ಆ ಹೊತ್ತಿನಲ್ಲಿ ಹಿಡಿಯುವ ಸಿಗ್ನಲ್. ಅಂಥ ಸಿಗ್ನಲ್ ಯಾವ ಕಂಪನಿಯದೆಂದು ಊರಿಂದೂರಿಗೆ ಬದಲಾಗುವ ಸೀಮೆಯಲ್ಲಿ, ಸಿಮ್ ಬದಲಿಸಲು ಒಪ್ಪದ ಫೋನು ಮಗುವನ್ನು ಪಾಠದಿಂದ ಹೊರಗಿಡುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಇದರ ಪೆಟ್ಟು ಹೆಚ್ಚು. ಮರಾಠಿ ಮಗುವಿಗೆ ಪಕ್ಕದ ಮನೆಯ ಅಣ್ಣನೋ ಅಕ್ಕನೋ ಪಾಠ ಹೇಳಿಕೊಟ್ಟಾರು. ನಮ್ಮ ಮಗುವಿನ ಗಣಿತವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಎಷ್ಟೋ ಊರುಗಳಲ್ಲಿ ಶಾಲೆಯ ಹೊರಗೆ ಯಾರೂ ಇಲ್ಲ.

ಹಾಗಾದರೆ ಬೀಗವಿಲ್ಲದ ಫೋನು ಕೊಂಡರೆ ಮುಗಿಯಿತೇ? ಪೂರ್ತಿ ಮುಗಿಯಲಿಲ್ಲ. ಸಿಮ್ ಒಳಗೆ ಕೂರುವುದು ಬೇರೆ, ಸೇವೆ ದೊರೆಯುವುದು ಬೇರೆ. ಜಿಯೋ ಬಂದಾಗ ಇದು ಮೊದಲ ಬಾರಿ ಜನರ ಗಮನಕ್ಕೆ ಬಂತು. ಆ ಕಂಪನಿಗೆ 2ಜಿ, 3ಜಿ ಜಾಲವೇ ಇಲ್ಲ. ಮಾತು ಕೂಡ 4ಜಿಯ ಮೇಲೆಯೇ ಸಾಗಬೇಕು. ಅದಕ್ಕೆ ವೋಲ್ಟಿ ಎನ್ನುತ್ತಾರೆ. ವೋಲ್ಟಿ ಇಲ್ಲದ ಫೋನಿಗೆ ಬೀಗವಿರಲಿಲ್ಲ, ಆದರೂ ಆ ಸಿಮ್ಮಿನಲ್ಲಿ ನೇರವಾಗಿ ಮಾತಾಡಲು ಬರುತ್ತಿರಲಿಲ್ಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಆರಂಭವಾದಾಗಲೂ ಹೀಗೆಯೇ. 5ಜಿ ಎಂದು ಪೆಟ್ಟಿಗೆಯ ಮೇಲೆ ಬರೆದ ಎಷ್ಟೋ ಫೋನುಗಳು ತಯಾರಕರಿಂದ ಹೊಸ ತಂತ್ರಾಂಶ ಬರುವವರೆಗೆ 4ಜಿಯಲ್ಲಿಯೇ ಕುಳಿತವು. ದುಬಾರಿ ಐಫೋನುಗಳೂ ಡಿಸೆಂಬರಿನವರೆಗೆ ಕಾದವು.

ಮೂರನೆಯದು ತರಂಗಪಟ್ಟಿ, ಅಂದರೆ ಬ್ಯಾಂಡ್. ಪ್ರತಿ ಕಂಪನಿಯೂ ತಾನು ಹರಾಜಿನಲ್ಲಿ ಪಡೆದ ಅಥವಾ ಸರಕಾರ ಕೊಟ್ಟ ಪಟ್ಟಿಗಳಲ್ಲಿ ಸೇವೆ ನಡೆಸುತ್ತದೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 97,500ಕ್ಕೂ ಹೆಚ್ಚು ಗೋಪುರಗಳೊಂದಿಗೆ 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಯಾಯಿತು. ಅದು ಬಳಸುವ ಪಟ್ಟಿಗಳು 700 ಮತ್ತು 2100 ಮೆಗಾಹರ್ಟ್ಸ್. 700ರ ಅಲೆ ದೂರ ಹೋಗುತ್ತದೆ, ಗೋಡೆಯೊಳಗೂ ನುಗ್ಗುತ್ತದೆ. ಹಳ್ಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಹಳೆಯ ಅಗ್ಗದ ಫೋನುಗಳಲ್ಲಿ ಈ ಪಟ್ಟಿ ಇಲ್ಲದಿರುವುದುಂಟು. ನಿಮ್ಮ ಊರಿನಲ್ಲಿ ಗಟ್ಟಿ ಸಿಗ್ನಲ್ ಇರುವುದು ಬಿಎಸ್‌ಎನ್‌ಎಲ್ ಒಂದರದೇ ಆಗಿದ್ದರೆ, ಅಂಗಡಿಯವರನ್ನು 'ಬ್ಯಾಂಡ್ 28 ಇದೆಯೇ' ಎಂದು ಕೇಳಿ. ಅವರಿಗೂ ತಿಳಿಯದಿದ್ದರೆ ಪೆಟ್ಟಿಗೆಯ ಮೇಲಿನ ಅಥವಾ ತಯಾರಕರ ತಾಣದಲ್ಲಿನ ವಿವರ ನೋಡಿಸಿ. ಅದಕ್ಕಿಂತ ಸುಲಭದ ದಾರಿಯೆಂದರೆ ಆ ಸಿಮ್ಮನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ಹಣ ಎಣಿಸುವ ಮೊದಲು ಫೋನಿಗೆ ಹಾಕಿ ಒಂದು ಕರೆ ಮಾಡಿ ನೋಡುವುದು.

ಕನ್ನಡ ಅಕ್ಷರದ ಮಾತು ಈಗ ಚಿಂತೆಯಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಕನ್ನಡದ ಸಂದೇಶ ಬಂದರೆ ಪರದೆಯ ಮೇಲೆ ಕಾಣುತ್ತಿದ್ದುದು ಖಾಲಿ ಚೌಕಗಳ ಸಾಲು. ಆಂಡ್ರಾಯ್ಡ್ 2012ರಲ್ಲಿ ತನ್ನ 4.1ನೆಯ ಆವೃತ್ತಿಯಲ್ಲಿ ಕನ್ನಡಕ್ಕೆ ನೆಲೆ ಕೊಟ್ಟಿತು. ಭಾರತೀಯ ಮಾನಕ ಬ್ಯೂರೋದ 2016ರ ಮಾನದಂಡ, ಐಎಸ್ 16333, ಇಲ್ಲಿ ಮಾರುವ ಪ್ರತಿ ಫೋನೂ 22 ಭಾಷೆಗಳನ್ನು ಓದಲು ಬರುವಂತೆ ತೋರಿಸಬೇಕೆಂದು ವಿಧಿಸಿತು. ಬರೆಯುವುದಕ್ಕೆ ಮಾತ್ರ ಹಿಂದಿ, ಇಂಗ್ಲಿಷ್, ಜೊತೆಗೆ ಇನ್ನೊಂದು ಭಾರತೀಯ ಭಾಷೆ ಸಾಕು. ಆ ಇನ್ನೊಂದು ಕನ್ನಡವೇ ಆಗಿರಬೇಕೆಂದೇನಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕೀಲಿಮಣೆ ಸೇರಿಸಿಕೊಳ್ಳುವುದು ಎರಡು ನಿಮಿಷದ ಕೆಲಸ, ಆದರೆ ಅದನ್ನು ಮಾಡಬೇಕಾದವರು ನಾವೇ. ಮಹಾರಾಷ್ಟ್ರದ ಅಂಗಡಿಯಲ್ಲಿ ಕೊಂಡ ಫೋನು ತಾನಾಗಿ ಕನ್ನಡವನ್ನು ಮುಂದೆ ಮಾಡುವುದಿಲ್ಲ.

ಸರ್ಕಲ್ಲಿನ ಗೆರೆ ಇನ್ನೂ ಉಳಿದಿರುವುದು ಧ್ವನಿಯಲ್ಲಿ. ದರದ ಗೋಡೆ ಬಿದ್ದಿದೆ, ಸೊನ್ನೆ ಹೋಗಿದೆ. ಆದರೂ ಇಲ್ಲಿನ ಸಿಮ್ಮಿನಿಂದ ಗ್ರಾಹಕ ಸೇವೆಗೆ ಕರೆ ಮಾಡಿದರೆ ಸಾಮಾನ್ಯವಾಗಿ ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ ಆರಿಸಿಕೊಳ್ಳಲು ಹೇಳುತ್ತಾರೆ. ಕರ್ನಾಟಕದ ಸಿಮ್ಮಾದರೆ ಕನ್ನಡ ಕೇಳಿಸುತ್ತದೆ. ಭಾಷೆಯನ್ನು ಗ್ರಾಹಕನಿಗೆ ಕಟ್ಟದೆ ಸರ್ಕಲ್ಲಿಗೆ ಕಟ್ಟಿದ್ದರ ಫಲವಿದು. ಒಂದು ಗುಂಡಿಯಲ್ಲಿ ಭಾಷೆ ಬದಲಿಸುವುದು ಕಂಪನಿಗಳಿಗೆ ಕಷ್ಟದ ಕೆಲಸವಲ್ಲ. ಕೇಳುವವರ ಸಂಖ್ಯೆ ಅವರ ಕಣ್ಣಿಗೆ ಬಿದ್ದಿಲ್ಲ. ದೂರು ಕೊಡುವಾಗ, ಅರ್ಜಿ ತುಂಬುವಾಗ ಭಾಷೆಯ ಕಲಮಿನಲ್ಲಿ ಕನ್ನಡವೆಂದು ಬರೆಯಲು ನಮಗೇಕೆ ಸಂಕೋಚವೋ ಅರಿಯದು.

ಕಂಪನಿ ಬದಲಿಸುವುದು ಈಗ ಪಾಲಕರ ಕೈಯಲ್ಲಿದೆ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು, ಆದರೆ ಆಗ ಅದು ಸರ್ಕಲ್ಲಿನ ಒಳಗೆ ಮಾತ್ರ. 2015ರ ಜುಲೈ 3ರಿಂದ ಸರ್ಕಲ್ ದಾಟಿಯೂ ಒಯ್ಯಬಹುದಾಯಿತು. ಬೀದರದಿಂದ ಸೊಸೆಯಾಗಿ ಬಂದವಳು ತವರಿನ ನಂಬರನ್ನು ಬಿಡಬೇಕಾಗಿಲ್ಲ. ಪೋರ್ಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಸ್ಥಳ ಬಿಟ್ಟು ತಮ್ಮ ಹತ್ತಂಕಿಯ ನಂಬರು ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಎಂಟು ಅಕ್ಷರದ ಸಂಕೇತ ಬರುತ್ತದೆ. ಅದನ್ನೂ ಗುರುತಿನ ದಾಖಲೆಯನ್ನೂ ಹೊಸ ಕಂಪನಿಯ ಅಂಗಡಿಗೆ ಒಯ್ಯಬೇಕು. ಸಂಕೇತಕ್ಕೆ ನಾಲ್ಕು ದಿನಗಳ ಆಯುಷ್ಯ. ಸರ್ಕಲ್ಲಿನೊಳಗಾದರೆ ಮೂರು, ಹೊರಗಾದರೆ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕೆಂಬುದು ನಿಯಮ. ಹಳೆಯ ಕಂಪನಿಯಲ್ಲಿ ತೊಂಬತ್ತು ದಿನ ಕಳೆದಿರಬೇಕು, ಬಾಕಿಯೂ ಇರಬಾರದು.

ಎರಡು ಸಿಮ್ಮಿನ ಫೋನೇ ಗಡಿಮನೆಗೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಒಂದರಲ್ಲಿ ಊರಲ್ಲಿ ಗಟ್ಟಿಯಾಗಿ ಹಿಡಿಯುವ ಕಂಪನಿಯ ಇಂಟರ್ನೆಟ್, ಇನ್ನೊಂದರಲ್ಲಿ ಬೇರೊಂದು ಕಂಪನಿಯ ಮಾತಿನ ಸಂಪರ್ಕ. 2024ರ ಜುಲೈಯಲ್ಲಿ ದರಗಳು ಏರಿದ ಮೇಲೆ ಎರಡನ್ನೂ ಸಾಕುವುದು ಭಾರವಾಯಿತು, ನಿಜ. ಅದೇ ವರ್ಷದ ಡಿಸೆಂಬರಿನಲ್ಲಿ ಟ್ರಾಯ್ ಮಾಡಿದ ತಿದ್ದುಪಡಿಯಂತೆ, ಇಂಟರ್ನೆಟ್ ಸೇರದ, ಕೇವಲ ಮಾತು ಮತ್ತು ಸಂದೇಶಗಳ ಯೋಜನೆಯನ್ನು ಕಂಪನಿಗಳು ಕೊಡಲೇಬೇಕು. ಅಂಗಡಿಯಲ್ಲಿ ಕೇಳದಿದ್ದರೆ ಅದನ್ನು ತಾವಾಗಿ ಹೇಳುವವರು ಕಡಿಮೆ. ಎರಡನೆಯ ಸಿಮ್ಮಿಗೆ ಅದನ್ನೇ ಕೇಳಿ ಹಾಕಿಸಿ.

ಒಂದು ಎಚ್ಚರಿಕೆಯ ಮಾತು ಶಾಲೆಯ ಕಡೆಯಿಂದ. ರಿಚಾರ್ಜ್ ಮುಗಿದು ಬಹಳ ದಿನ ಸುಮ್ಮನಿದ್ದ ನಂಬರನ್ನು ಕಂಪನಿ ಹಿಂದಕ್ಕೆ ಪಡೆದು, ಕೆಲಕಾಲದ ಮೇಲೆ ಬೇರೆಯವರಿಗೆ ಕೊಡುತ್ತದೆ. ಮಗುವಿನ ಶಿಷ್ಯವೇತನದ ಅರ್ಜಿ, ಬ್ಯಾಂಕ್ ಖಾತೆ, ಆಧಾರ್ ಎಲ್ಲದಕ್ಕೂ ಆ ನಂಬರೇ ಜೋಡಿಸಿದ್ದರೆ, ಒಟಿಪಿ ಹೋಗಿ ಬೀಳುವುದು ಅಪರಿಚಿತನ ಕೈಗೆ. ಹೊಸ ಸಿಮ್ ಕೊಳ್ಳುವ ಬದಲು ಹಳೆಯ ನಂಬರನ್ನೇ ಹೊಸ ಕಂಪನಿಗೆ ಒಯ್ಯುವುದು ಈ ಕಾರಣಕ್ಕೂ ಮೇಲು. ನಂಬರು ಬದಲಾಗಿಯೇ ಬಿಟ್ಟಿದ್ದರೆ, ಬ್ಯಾಂಕು ಮತ್ತು ಆಧಾರ್ ಕೇಂದ್ರಗಳಿಗೆ ಹೋದ ದಿನವೇ ಶಾಲೆಗೂ ಹೋಗಿ, ವರ್ಗಶಿಕ್ಷಕರ ಹಾಜರಿ ಪುಸ್ತಕದಲ್ಲಿ ಹೊಸ ನಂಬರನ್ನು ಬರೆಯಿಸಿ, ಹಳೆಯದನ್ನು ಎದುರಿಗೇ ಹೊಡೆದು ಹಾಕಿಸಿ ಬನ್ನಿ.